ಮನೆಯ ಸಂಗೀತ ವ್ಯವಸ್ಥೆ: ಹಣ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ಈ ಪತ್ರಿಕೆಯಲ್ಲಿ ಇದುವರೆಗೆ ನಾನು ತೆರಿಗೆ, ಲೆಕ್ಕಪತ್ರ ಹಾಗೂ ಬ್ಯಾಂಕ್ ಸಾಲಗಳಿಗೆ ಸಂಬಂಧಿಸಿದ ವಿಷಯಗಳನ್ನಷ್ಟೇ ಬರೆದಿದ್ದೇನೆ. ಈ ಸಂಚಿಕೆಯಲ್ಲಿ ಸ್ವಲ್ಪ ಬದಲಾವಣೆ. ನಮ್ಮ ಸದಸ್ಯರಲ್ಲಿ ಕೆಲವರು ವ್ಯಾಪಾರ ಒಂದು ಹದಕ್ಕೆ ಬಂದ ಮೇಲೆ, ಮಕ್ಕಳ ಓದು, ಮದುವೆಗಳು ಮುಗಿದ ಮೇಲೆ, ಮನೆಯಲ್ಲಿ ಒಂದು ಉತ್ತಮ ಸಂಗೀತ ವ್ಯವಸ್ಥೆಯನ್ನು ಮಾಡಿಕೊಳ್ಳಬೇಕೆಂದು ಬಯಸುತ್ತಾರೆ. ಹುಬ್ಬಳ್ಳಿ-ಧಾರವಾಡದ ಕಡೆಯವರಿಗೆ ಈ ಬಯಕೆ ಸಹಜವೇ. ಆದರೆ ಎರಡು ಲಕ್ಷದಿಂದ ಹತ್ತು ಹದಿನೈದು ಲಕ್ಷ ರೂಪಾಯಿಗಳವರೆಗೆ ವೆಚ್ಚವಾಗುವ ಈ ಖರೀದಿಯಲ್ಲಿ, ಒಂದು ಲೇತ್ ಯಂತ್ರಕ್ಕೆ ನಾಲ್ಕು ಕಡೆ ಕೊಟೇಶನ್ ತರಿಸುವ ಉದ್ಯಮಿಯೂ ಒಂದೇ ಅಂಗಡಿಯಲ್ಲಿ ಅರ್ಧ ತಾಸು ಕುಳಿತು ಕೇಳಿ, ಮುಂಗಡ ಕೊಟ್ಟು ಬಂದುಬಿಡುತ್ತಾರೆ. ಇದನ್ನು ಟೀಕೆಯೆಂದು ಭಾವಿಸಬಾರದು. ನಾನೂ ಹಾಗೆಯೇ ಮಾಡಿದವನು.

2011ರಲ್ಲಿ ನಾನು ಬೇರೊಂದು ನಗರದ ಅಂಗಡಿಯಿಂದ ನೆಲದ ಮೇಲೆ ನಿಲ್ಲುವ ದೊಡ್ಡ ಆಮದು ಸ್ಪೀಕರುಗಳ ಒಂದು ಜೊತೆ ಹಾಗೂ ಒಂದು ಆಂಪ್ಲಿಫೈಯರನ್ನು 3,80,000 ರೂ.ಗಳಿಗೆ ಕೊಂಡೆ. ಬಟ್ಟೆ ಅಂಗಡಿ ನಡೆಸುತ್ತಿದ್ದ ನಮ್ಮ ತಂದೆಯವರು ಸುಮಾರು 140 ಗ್ರಾಮಫೋನ್ ತಟ್ಟೆಗಳನ್ನು ಬಿಟ್ಟುಹೋಗಿದ್ದರು. ಅವುಗಳನ್ನು ಅವರು ಕೇಳಿದ್ದಕ್ಕಿಂತ ಚೆನ್ನಾಗಿ ಕೇಳಬೇಕೆಂಬುದು ನನ್ನ ಆಸೆ. ಅಂಗಡಿಯ ವಿಶಾಲವಾದ ಕೋಣೆಯಲ್ಲಿ ತಂಬೂರಿಯ ನಾದ ಹಿತವಾಗಿ ಹರಡಿಕೊಂಡಿತ್ತು. ನಮ್ಮ ಮನೆಗೆ ಬಂದಾಗ ಅದೇ ತಂಬೂರಿ, ತಗಡಿನ ಡಬ್ಬಿಯಲ್ಲಿ ದುಂಬಿ ಸಿಕ್ಕಿಕೊಂಡಂತೆ ಗುಂಯ್‌ಗುಟ್ಟತೊಡಗಿತು. ಅಂಗಡಿಯವರನ್ನು ಕೇಳಿದಾಗ 28,000 ರೂ. ಬೆಲೆಯ ಕೇಬಲ್ ಹಾಕಿಸಲು ಸಲಹೆ ಕೊಟ್ಟರು, ಹಾಕಿಸಿದೆ. ಗುಂಯ್‌ಗುಟ್ಟುವುದು ನಿಲ್ಲಲಿಲ್ಲ. 14 ತಿಂಗಳ ನಂತರ ಕೇಬಲ್ ಸಹಿತ ಎಲ್ಲವನ್ನೂ 1,65,000 ರೂ.ಗಳಿಗೆ ಮಾರಿದೆ. ನಿವ್ವಳ ನಷ್ಟ 2,43,000 ರೂ. ಅನ್ಯರ ಲೆಕ್ಕ ನೋಡುವವನ ಸ್ವಂತ ಲೆಕ್ಕ ಹೀಗಿತ್ತು.

ದೋಷ ಸ್ಪೀಕರುಗಳಲ್ಲಿ ಇರಲಿಲ್ಲ, ಕೋಣೆಯಲ್ಲಿತ್ತು ಎಂಬುದು ತಿಳಿದದ್ದು ಆಮೇಲೆ. 2014ರಲ್ಲಿ ಅದೇ ಕೋಣೆಯಲ್ಲಿ 2,40,000 ರೂ. ವೆಚ್ಚದಲ್ಲಿ ಮಾಡಿಕೊಂಡ ವ್ಯವಸ್ಥೆಯನ್ನು ಇಂದಿಗೂ ಸಂತೋಷದಿಂದ ಕೇಳುತ್ತಿದ್ದೇನೆ. ಅದರ ವಿಂಗಡಣೆ ಹೀಗಿದೆ: ಸ್ಪೀಕರುಗಳಿಗೆ 1,05,000, ಆಂಪ್ಲಿಫೈಯರಿಗೆ 55,000, ಟರ್ನ್‌ಟೇಬಲ್ ಮತ್ತು ಕಾರ್ಟ್ರಿಜ್‌ಗೆ 45,000, ಕೋಣೆಗೆ 27,000, ಸ್ಟ್ಯಾಂಡು ಹಾಗೂ ತಂತಿಗೆ 8,000 ರೂ. ಮೊದಲ ಸಲ ಕೋಣೆಗೆಂದು ನಾನು ಖರ್ಚು ಮಾಡಿದ್ದು ಸೊನ್ನೆ.

ಕೋಣೆಯ ಲೆಕ್ಕ

ಧ್ವನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 344 ಮೀಟರ್ ವೇಗದಲ್ಲಿ ಚಲಿಸುತ್ತದೆ. ಎದುರುಬದುರಾದ ಎರಡು ಗೋಡೆಗಳ ನಡುವಣ ಅಂತರದ ಇಮ್ಮಡಿಯಿಂದ ಈ ಸಂಖ್ಯೆಯನ್ನು ಭಾಗಿಸಿದರೆ ಆ ಗೋಡೆಗಳ ನಡುವೆ ತಾನಾಗಿ ಮೊಳಗುವ ಮೊದಲ ಸ್ವರದ ಆವೃತ್ತಿ ದೊರೆಯುತ್ತದೆ. ಅದರ ಎರಡರಷ್ಟು, ಮೂರರಷ್ಟು ಆವೃತ್ತಿಗಳೂ ಮೊಳಗುತ್ತವೆ. ನಮ್ಮ ಕೋಣೆ 16 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಉದ್ದವನ್ನು ಮೀಟರಿಗೆ ಪರಿವರ್ತಿಸಿದರೆ 4.88. ಆದ್ದರಿಂದ ಮೊದಲ ಆವೃತ್ತಿ 35 ಹರ್ಟ್ಜ್, ಎರಡನೆಯದು ಸುಮಾರು 70 ಹರ್ಟ್ಜ್. ಅಗಲಕ್ಕೆ 47, ಎತ್ತರಕ್ಕೆ 56.

ಈಗ ತಂಬೂರಿಗೆ ಬರೋಣ. ಕಾಳಿ ಒಂದರ ಪಟ್ಟಿಯಲ್ಲಿ ಹಾಡುವ ಗಂಡುದನಿಗೆ ಹಿಡಿದ ತಂಬೂರಿಯ ಖರ್ಜದ ತಂತಿ ಸುಮಾರು 69 ಹರ್ಟ್ಜ್‌ನಲ್ಲಿ ನುಡಿಯುತ್ತದೆ. ಕೋಣೆಯ 70ಕ್ಕೂ ತಂಬೂರಿಯ 69ಕ್ಕೂ ನಡುವೆ ವ್ಯತ್ಯಾಸವೇ ಇಲ್ಲವೆನ್ನಬಹುದು. ಪ್ರತಿ ಮೀಟಿಗೂ ಕೋಣೆಯೇ ಎದ್ದು ದನಿಗೂಡಿಸುತ್ತಿತ್ತು. ಅದರ ಮೇಲೆ ನಾನು ಸೋಫಾವನ್ನು ಹಿಂಬದಿಯ ಗೋಡೆಗೆ ಒತ್ತಿ ಹಾಕಿದ್ದೆ. ಗೋಡೆಯ ಬಳಿ ಈ ಎಲ್ಲ ಆವೃತ್ತಿಗಳ ಒತ್ತಡವೂ ಗರಿಷ್ಠವಾಗಿರುತ್ತದೆ. 70 ಹರ್ಟ್ಜ್‌ನ ಒತ್ತಡ ಅತಿ ಕಡಿಮೆ ಇರುವ ಜಾಗ ಗೋಡೆಯಿಂದ ಉದ್ದದ ಕಾಲುಭಾಗದಲ್ಲಿ, ಅಂದರೆ ನಮ್ಮಲ್ಲಿ 4 ಅಡಿಯ ಬಳಿ. ಸರಿಯಾಗಿ ಅಲ್ಲಿಯೇ ಕುಳಿತರೆ ಖರ್ಜ ತೀರಾ ಬಡವಾಗುತ್ತದೆ. ಹಾಗಾಗಿ ಕುರ್ಚಿಯನ್ನು ಗೋಡೆಯಿಂದ 5 ಅಡಿ ಮುಂದಕ್ಕೆ ಹಾಕಿದೆ. ಕಾಸು ಖರ್ಚಿಲ್ಲದ ಈ ಒಂದು ಬದಲಾವಣೆಯನ್ನು 2011ರಲ್ಲಿ ಯಾರಾದರೂ ಹೇಳಿದ್ದರೆ ಮೊದಲಿನ ಸ್ಪೀಕರುಗಳೇ ಉಳಿಯುತ್ತಿದ್ದವೋ ಏನೋ.

ಹೊಸ ಮನೆ ಕಟ್ಟಿಸುತ್ತಿರುವ ಸದಸ್ಯರು ಒಂದು ಮಾತನ್ನು ಗಮನಿಸಬೇಕು. 20 ಅಡಿ ಉದ್ದ, 10 ಅಡಿ ಎತ್ತರದ ಹಾಲ್ ನಮ್ಮಲ್ಲಿ ಸಾಮಾನ್ಯ. ಉದ್ದದ ಎರಡನೆಯ ಆವೃತ್ತಿಯೂ ಎತ್ತರದ ಮೊದಲನೆಯದೂ ಒಂದೇ ಆಗಿ, ಎರಡೂ ಸೇರಿ 56 ಹರ್ಟ್ಜ್‌ನಲ್ಲಿ ಗುಡುಗುತ್ತವೆ. ಚೌಕದ ಕೋಣೆಯ ಸ್ಥಿತಿಯೂ ಇದೇ. ಒಂದು ಅಳತೆ ಇನ್ನೊಂದರ ಸಮವೋ ಇಮ್ಮಡಿಯೋ ಆಗದಂತೆ ಎಂಜಿನಿಯರರಿಗೆ ಮೊದಲೇ ಹೇಳಿದರೆ ಸಾಕು.

ಎರಡನೆಯ ತೊಂದರೆ, ಧ್ವನಿ ನಿಂತ ಮೇಲೂ ಕೋಣೆಯಲ್ಲಿ ಉಳಿಯುವ ಗುಂಗು. ಇದನ್ನು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಸೇಬೈನ್. ಅಲ್ಲಿನ ಫಾಗ್ ಮ್ಯೂಸಿಯಮ್ಮಿನ ಉಪನ್ಯಾಸ ಸಭಾಂಗಣದಲ್ಲಿ ಮಾತು ತಿಳಿಯುತ್ತಿಲ್ಲವೆಂಬ ದೂರಿನ ಮೇಲೆ 1895ರಲ್ಲಿ ಕೆಲಸ ಆರಂಭಿಸಿದ ಅವರು, ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿ ವೇಳೆ ತಂದು ಹರಡಿ, ಒಂದು ಆರ್ಗನ್ ಕೊಳವೆ ಊದಿ, ಧ್ವನಿ ಅಡಗುವವರೆಗಿನ ಕಾಲವನ್ನು ಅಳೆದರು. 1898ರ ಹೊತ್ತಿಗೆ ಸೂತ್ರ ಸಿದ್ಧವಾಯಿತು: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಧ್ವನಿ ಹೀರುವ ಒಟ್ಟು ಮೇಲ್ಮೈಯಿಂದ ಭಾಗಿಸಬೇಕು. ನಮ್ಮ ಕೋಣೆ ಸುಮಾರು 54 ಘನ ಮೀಟರ್. ಆರೂ ಬದಿ ಸೇರಿ 88 ಚದರ ಮೀಟರ್. ಗಿಲಾವು ಮಾಡಿದ ಗೋಡೆ ಹಾಗೂ ವಿಟ್ರಿಫೈಡ್ ಟೈಲುಗಳು ಬಿದ್ದ ಧ್ವನಿಯಲ್ಲಿ ಶೇ. 3ರಷ್ಟನ್ನು ಮಾತ್ರ ಹೀರುತ್ತವೆಂದು ಹಿಡಿದರೆ, ಖಾಲಿ ಕೋಣೆಯಲ್ಲಿ ಗುಂಗು 3 ಸೆಕೆಂಡಿಗೂ ಮೀರುತ್ತದೆ. ಸಂಗೀತ ಕೇಳಲು ಬೇಕಾದದ್ದು ಅರ್ಧ ಸೆಕೆಂಡಿನ ಆಸುಪಾಸು.

ಇದಕ್ಕೆ ನಮ್ಮವರು ಮಾಡುವ ಉಪಾಯವೆಂದರೆ ಜಮಖಾನ ಹಾಸುವುದು, ಪರದೆ ಬಿಡುವುದು. ಇವು ಬೇಕು, ಆದರೆ ಇವು ಹೀರುವುದು ಹೆಚ್ಚಾಗಿ ಮೇಲಿನ ಸ್ವರಗಳನ್ನು. ಕೋಣೆಯ ತುಂಬ ಬಟ್ಟೆ ಹಾಸಿದರೆ ಸಾರಂಗಿ ಮಂಕಾಗಿ, ಡಗ್ಗಾ ಮಾತ್ರ ಮೊದಲಿನಂತೆಯೇ ಗುಂಯ್‌ಗುಟ್ಟುತ್ತದೆ. ಮೊಟ್ಟೆಯ ಟ್ರೇ ಮತ್ತು ಥರ್ಮೋಕೋಲ್ ಅಂಟಿಸುವುದು ನಿರರ್ಥಕ. ಬಾಯ್ಲರುಗಳಿಗೆ ಸುತ್ತುವ ರಾಕ್‌ವೂಲ್ ನಮ್ಮ ಸದಸ್ಯರಿಗೆ ಹೊಸದಲ್ಲ. 4 ಅಡಿಗೆ 2 ಅಡಿಯ ಮರದ ಚೌಕಟ್ಟಿನಲ್ಲಿ 2 ಅಂಗುಲ ದಪ್ಪದ ರಾಕ್‌ವೂಲ್ ಹಲಗೆಯನ್ನು ಕೂರಿಸಿ, ಎಳೆ ಉದುರದಂತೆ ಹಿಂದೆ ಮುಂದೆ ಬಟ್ಟೆ ಬಿಗಿದು, ಗೋಡೆಯಿಂದ 2 ಅಂಗುಲ ಅಂತರ ಬಿಟ್ಟು ತೂಗುಹಾಕಬೇಕು. ಇಂತಹ ಎಂಟನ್ನು ಬಡಗಿಯಿಂದ ಮಾಡಿಸಿದೆ. ಮೂಲೆಗಳಲ್ಲಿ ಇದಕ್ಕಿಂತ ದಪ್ಪನೆಯ ತುಂಬುವಿಕೆ ಬೇಕು, ಏಕೆಂದರೆ ಕೆಳಗಿನ ಸ್ವರಗಳು ತೆಳುವಾದ ವಸ್ತುವಿಗೆ ಜಗ್ಗುವುದಿಲ್ಲ. ಉಳಿದದ್ದಕ್ಕೆ ಸೋಫಾ, ಪುಸ್ತಕದ ಕಪಾಟು, ಒಂದು ದಪ್ಪ ಜಮಖಾನ ಸಾಕಾದವು.

ಚೌಕಟ್ಟುಗಳನ್ನು ಎಲ್ಲಿ ಹಾಕಬೇಕೆಂಬುದಕ್ಕೆ ಸುಲಭದ ಉಪಾಯವಿದೆ. ನೀವು ಕುರ್ಚಿಯಲ್ಲಿ ಕುಳಿತಿರಿ, ಮನೆಯವರೊಬ್ಬರು ಪಕ್ಕದ ಗೋಡೆಯ ಮೇಲೆ ಕನ್ನಡಿಯನ್ನು ಸರಿಸುತ್ತ ಹೋಗಲಿ. ಕನ್ನಡಿಯಲ್ಲಿ ಸ್ಪೀಕರು ಕಾಣಿಸಿದ ಜಾಗವೇ ಮೊದಲ ಪ್ರತಿಫಲನದ ಜಾಗ.

ಸ್ಪೀಕರುಗಳ ಸ್ಥಾನ

ಎರಡು ಸ್ಪೀಕರು ಮತ್ತು ಕೇಳುಗನ ತಲೆ, ಈ ಮೂರೂ ಹೆಚ್ಚುಕಡಿಮೆ ಸಮಭುಜ ತ್ರಿಕೋನವಾಗಬೇಕು. ನಮ್ಮಲ್ಲಿ ಸ್ಪೀಕರುಗಳ ನಡುವೆ 7 ಅಡಿ, ಕೇಳುಗನಿಗೆ ಏಳೂವರೆ ಅಡಿ. ಎರಡೂ ಸ್ಪೀಕರಿನಿಂದ ಕಿವಿಗೆ ಇರುವ ದೂರವನ್ನು ಟೇಪಿನಿಂದ ಅಳೆದು ಅರ್ಧ ಅಂಗುಲದೊಳಗೆ ಸರಿಹೊಂದಿಸಬೇಕು. ಟ್ವೀಟರು ಕಿವಿಯ ಮಟ್ಟದಲ್ಲಿರಲಿ. ಸ್ಪೀಕರು ಹಿಂದಿನ ಗೋಡೆಯಿಂದ 1 ಮೀಟರ್ ದೂರವಿದ್ದರೆ, ಗೋಡೆಗೆ ಹೋಗಿ ಮರಳಿದ ಅಲೆ 86 ಹರ್ಟ್ಜ್ ಸುಮಾರಿನಲ್ಲಿ ಮೂಲ ಅಲೆಯನ್ನು ಅಳಿಸುತ್ತದೆ. ಇದು 344ನ್ನು ದೂರದ ನಾಲ್ಕರಷ್ಟರಿಂದ ಭಾಗಿಸಿ ಬಂದ ಸಂಖ್ಯೆ. ಹಿಂಗೋಡೆಯ ದೂರ ಹಾಗೂ ಪಕ್ಕದ ಗೋಡೆಯ ದೂರ ಒಂದೇ ಆದರೆ ಈ ತಗ್ಗು ಇನ್ನಷ್ಟು ಆಳವಾಗುತ್ತದೆ. ಆದುದರಿಂದ ನಾನು ಹಿಂದೆ ಮೂರೂವರೆ ಅಡಿ, ಪಕ್ಕಕ್ಕೆ ಎರಡೂವರೆ ಅಡಿ ಬಿಟ್ಟಿದ್ದೇನೆ.

ಇಷ್ಟೆಲ್ಲ ಮಾಡಿದ ಮೇಲೂ ಗಾಯಕರ ದನಿ ನಡುವೆ ನಿಲ್ಲದೆ ಎಲ್ಲೋ ತೇಲುತ್ತಿದ್ದರೆ, ಡಗ್ಗಾ ಮಾಯವಾಗಿದ್ದರೆ, ಒಂದು ಸ್ಪೀಕರಿನ ಕೆಂಪು ಕಪ್ಪು ತಂತಿಗಳು ಅದಲುಬದಲಾಗಿವೆ ಎಂದು ತಿಳಿಯಬೇಕು. ನಾನು ನೋಡಿದ ಮನೆಗಳ ಪೈಕಿ ಎರಡರಲ್ಲಿ ವರ್ಷಗಟ್ಟಲೆ ಹೀಗೆಯೇ ನಡೆದಿತ್ತು.

ಸ್ಟ್ಯಾಂಡನ್ನು ಆಮದು ಮಾಡಿಕೊಳ್ಳುವ ಅಗತ್ಯವಿಲ್ಲ. ಕಬ್ಬಿಣದ ಚೌಕ ಪೈಪಿಗೆ ಮೇಲೆ ಕೆಳಗೆ ಪ್ಲೇಟು ವೆಲ್ಡ್ ಮಾಡಿಸಿ, ಪೈಪಿನೊಳಗೆ ಒಣಗಿದ ಮರಳು ತುಂಬಿಸಿದರೆ ಝಣಝಣ ಶಬ್ದ ನಿಲ್ಲುತ್ತದೆ. ನಮ್ಮ ಯಾವುದೇ ಫ್ಯಾಬ್ರಿಕೇಟರ್ ಸದಸ್ಯರಿಗೆ ಇದು ಅರ್ಧ ದಿನದ ಕೆಲಸ.

ವ್ಯಾಟ್ ಮತ್ತು ತಂತಿ

ಒಂದು ಕಾಲದಲ್ಲಿ ಪೆಟ್ಟಿಗೆಗಳ ಮೇಲೆ ಸಾವಿರಾರು ವ್ಯಾಟ್ ಪಿ.ಎಂ.ಪಿ.ಓ. ಎಂದು ಬರೆಯಲಾಗುತ್ತಿತ್ತು. ಆ ಅಂಕಿಗೆ ಅರ್ಥವಿಲ್ಲ, ಆರ್.ಎಂ.ಎಸ್. ವ್ಯಾಟ್ ಮಾತ್ರ ಕೇಳಬೇಕು. ಸ್ಪೀಕರಿನ ಕರಪತ್ರದಲ್ಲಿ 1 ವ್ಯಾಟಿಗೆ, 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂದು ಕೊಟ್ಟಿರುತ್ತಾರೆ. 86 ಎಂದಿಟ್ಟುಕೊಳ್ಳಿ. ಏಳೂವರೆ ಅಡಿ ದೂರಕ್ಕೆ ಸುಮಾರು 7 ಕಳೆಯಿರಿ, ಎರಡು ಸ್ಪೀಕರುಗಳೆಂದು 3 ಕೂಡಿಸಿ: 82. ಮನೆಯಲ್ಲಿ ಸಾಧಾರಣವಾಗಿ ಕೇಳುವ ಮಟ್ಟ 75. ತಬಲಾದ ಜೋರಾದ ಪೆಟ್ಟಿಗೆ ಅದರ ಮೇಲೆ 20 ಬಿಟ್ಟರೆ 95. ಕೊರತೆ 13 ಡೆಸಿಬೆಲ್, ಅಂದರೆ 20 ವ್ಯಾಟ್. 50 ವ್ಯಾಟಿನ ಪ್ರಾಮಾಣಿಕ ಆಂಪ್ಲಿಫೈಯರ್ ಧಾರಾಳವಾಯಿತು. ಅದನ್ನು 100 ವ್ಯಾಟಿಗೆ ಏರಿಸಿದರೆ ದೊರೆಯುವುದು 3 ಡೆಸಿಬೆಲ್ ಮಾತ್ರ, ಆದರೆ ಬೆಲೆ ಬಹಳ ಸಲ ಇಮ್ಮಡಿಯಾಗುತ್ತದೆ.

ತಂತಿಯ ಲೆಕ್ಕ ಇನ್ನೂ ಸರಳ. ಮನೆಯ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರಿನ ತಾಮ್ರದ ಫ್ಲೆಕ್ಸಿಬಲ್ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 8 ಓಮ್. ಸ್ಪೀಕರಿಗೆ 5 ಮೀಟರ್, ಹೋಗಿಬರಲು 10 ಮೀಟರ್, ಅಂದರೆ 0.08 ಓಮ್. 8 ಓಮ್‌ನ ಸ್ಪೀಕರಿಗೆ ಇದು ನೂರಕ್ಕೆ ಒಂದು ಪಾಲು. ನನ್ನ 28,000 ರೂ. ಹೋದದ್ದು ಈ ಒಂದು ಪಾಲನ್ನು ಉಳಿಸಲು.

ಅಂಗಡಿಯಲ್ಲಿ ಎರಡು ಸ್ಪೀಕರುಗಳನ್ನು ಹೋಲಿಸುವಾಗ ಎರಡರ ದನಿಯ ಮಟ್ಟ ಒಂದೇ ಇದೆಯೇ ಎಂದು ಮೊಬೈಲಿನ ಡೆಸಿಬೆಲ್ ಮಾಪಕದಿಂದ ನೋಡಿಕೊಳ್ಳಿ. ಒಂದು ಡೆಸಿಬೆಲ್ ಜೋರಾಗಿರುವುದು ನಮ್ಮ ಕಿವಿಗೆ ಜೋರೆಂದು ತೋರುವುದಿಲ್ಲ, ಉತ್ತಮವೆಂದು ತೋರುತ್ತದೆ. ಮಾರಾಟಗಾರರು ಬೇಕೆಂದೇ ಹೀಗೆ ಮಾಡುತ್ತಾರೆಂದು ನಾನು ಹೇಳುವುದಿಲ್ಲ. ಹೆಚ್ಚು ದುಡ್ಡಿನ ಸ್ಪೀಕರಿಗೆ ಬಂದಾಗ ಕೈ ತಾನಾಗಿ ಗುಂಡಿಯತ್ತ ಹೋಗುತ್ತದೆ. ಪರೀಕ್ಷೆಗೆ ನಿಮಗೆ ಚಿರಪರಿಚಿತವಾದ ಕಂಠವನ್ನೇ ಒಯ್ಯಿರಿ. ಗಂಗೂಬಾಯಿ ಹಾನಗಲ್ಲರ ಗಡಸಾದ, ತುಂಬಿದ ದನಿ ಯಾವ ಸ್ಪೀಕರಿನಲ್ಲಿ ತೆಳುವಾಯಿತೋ ಅದನ್ನು ಅಲ್ಲಿಯೇ ಬಿಟ್ಟುಬನ್ನಿ. ಆಮದು ವಸ್ತುವೇ ಆಗಬೇಕೆಂಬ ಹಟವೂ ಬೇಡ. 1970ರಲ್ಲಿ ಆರಂಭವಾದ ಕೋಲ್ಕತ್ತದ ಸೋನೋಡೈನ್ ಸಂಸ್ಥೆಯ ಸ್ಪೀಕರುಗಳನ್ನು ಒಮ್ಮೆ ಕೇಳಿ ನೋಡಬಹುದು.

ಡಿಜಿಟಲ್ ಉಪಕರಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 1982ರಲ್ಲಿ ಬಂದ ಸಿ.ಡಿ.ಯ 16 ಬಿಟ್, 44,100 ಹರ್ಟ್ಜ್ ಪ್ರಮಾಣವೇ ಮನುಷ್ಯನ ಕಿವಿಗೆ ಸಾಕಷ್ಟಿದೆ. ಅದನ್ನು ಧ್ವನಿಯಾಗಿಸುವ ಒಳ್ಳೆಯ ಡಿ.ಎ.ಸಿ. ಇಂದು ಮಿತವಾದ ಬೆಲೆಗೆ ದೊರೆಯುತ್ತದೆ. ಸವಕಳಿಯ ದೃಷ್ಟಿಯಿಂದ ನೋಡಿದರೆ, ಸ್ಪೀಕರು 20 ವರ್ಷ ಬಾಳುತ್ತದೆ, ಡಿಜಿಟಲ್ ಪೆಟ್ಟಿಗೆ ನಾಲ್ಕೈದು ವರ್ಷಕ್ಕೆ ಹಳತಾಗುತ್ತದೆ. ಬೇಗ ಸವೆಯುವ ಆಸ್ತಿಗೆ ಕಡಿಮೆ ಹಣ ಹಾಕುವುದು ಕಾರ್ಖಾನೆಗೂ ಮನೆಗೂ ಒಂದೇ ನಿಯಮ.

ಹಳೆಯ ತಟ್ಟೆಗಳು

ತಟ್ಟೆಗಳಿರುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು, ಏಕೆಂದರೆ ಸ್ಪೀಕರು ಕೆಟ್ಟರೆ ಇನ್ನೊಂದು ಕೊಳ್ಳಬಹುದು, ತಟ್ಟೆ ಸವೆದರೆ ಹೋಯಿತು. ಮುಳ್ಳಿನ ಆಯುಷ್ಯ ಸುಮಾರು 500ರಿಂದ 1000 ತಾಸು. ಸವೆದ ಮುಳ್ಳು ಉಳಿಯಂತೆ ತಟ್ಟೆಯ ಗೆರೆಯನ್ನು ಕೆತ್ತುತ್ತದೆ. ಮೊದಲ ವರ್ಷ ನಾನು ಯಾರೋ ಕೊಟ್ಟ ಹಳೆಯ ಪ್ಲೇಯರಿನಲ್ಲಿ ತಂದೆಯವರ ಎರಡು ತಟ್ಟೆಗಳನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಆ ಎರಡರಲ್ಲೂ ಈಗ ತಾನ್ ಬಂದಲ್ಲೆಲ್ಲ ಗರಗರ ಶಬ್ದವಿದೆ. ಅದನ್ನು ಯಾವ ಆಂಪ್ಲಿಫೈಯರೂ ಸರಿಪಡಿಸಲಾರದು.

ಕಾರ್ಟ್ರಿಜ್ ತಯಾರಕರು ಸೂಚಿಸಿದ ಭಾರ, ಸಾಮಾನ್ಯವಾಗಿ 2 ಗ್ರಾಮಿನ ಆಸುಪಾಸು, ಇದೆಯೇ ಎಂದು ಸಣ್ಣ ಡಿಜಿಟಲ್ ತಕ್ಕಡಿಯಿಂದ ನೋಡಬೇಕು. ಭಾರ ಹೆಚ್ಚಾದರೆ ಹಾನಿಯೆಂದು ಎಲ್ಲರೂ ಬಲ್ಲರು. ಕಡಿಮೆಯಾದರೂ ಮುಳ್ಳು ಗೆರೆಯೊಳಗೆ ಕುಪ್ಪಳಿಸಿ ಹಾನಿ ಮಾಡುತ್ತದೆ. ಪ್ಲೇಯರನ್ನು ರಸಮಟ್ಟ ಇಟ್ಟು ಸಮಮಾಡಿ. 78 ವೇಗದ ಅರಗಿನ ತಟ್ಟೆಗಳಿಗೆ ಅಗಲವಾದ ಬೇರೆ ಮುಳ್ಳು ಬೇಕು, ಎಲ್.ಪಿ.ಯ ಮುಳ್ಳು ಗೆರೆಯ ತಳಕ್ಕಿಳಿದು ಕರಕರ ಎನ್ನುತ್ತದೆ. ಆ ತಟ್ಟೆಗಳನ್ನು ಸ್ಪಿರಿಟ್ಟಿನಿಂದ ಒರೆಸಲೇಬಾರದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ.

ಅಮೆರಿಕದಲ್ಲಿರುವ ಮಕ್ಕಳು ಪ್ರೀತಿಯಿಂದ ಟರ್ನ್‌ಟೇಬಲ್ ತರುವುದುಂಟು. ಅಲ್ಲಿಯ ವಿದ್ಯುತ್ತು 120 ವೋಲ್ಟ್, 60 ಹರ್ಟ್ಜ್. ನಮ್ಮದು 230 ವೋಲ್ಟ್, 50 ಹರ್ಟ್ಜ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಜನ್ನು ಬದಲಿಸುವುದಿಲ್ಲ. ಎ.ಸಿ. ಸಿಂಕ್ರೊನಸ್ ಮೋಟಾರಿದ್ದರೆ ತಟ್ಟೆ ಆರರಲ್ಲಿ ಒಂದು ಪಾಲು ನಿಧಾನವಾಗಿ, ನಿಮಿಷಕ್ಕೆ 33⅓ರ ಬದಲು 28ಕ್ಕಿಂತ ಕಡಿಮೆ ಸುತ್ತು ತಿರುಗಿ, ಷಡ್ಜ ಮೂರು ಸ್ವರಸ್ಥಾನ ಕೆಳಗಿಳಿಯುತ್ತದೆ. ತರಿಸುವ ಮುನ್ನ ಮೋಟಾರಿನ ಬಗೆಯನ್ನು ಕೇಳಿ. ಡಿ.ಸಿ. ಮೋಟಾರಾದರೆ ಚಿಂತೆಯಿಲ್ಲ.

ಪ್ಲೇಯರು ಹಚ್ಚಿದ ಕೂಡಲೇ ಗುಂಯ್ ಎಂಬ ಶಬ್ದ ಬಂದರೆ ಮೊದಲು ಅದರ ಅರ್ಥ್ ತಂತಿಯನ್ನು ಆಂಪ್ಲಿಫೈಯರಿಗೆ ಕಟ್ಟಿದೆಯೇ ನೋಡಿ. ಎಲ್ಲ ಉಪಕರಣಗಳಿಗೂ ಒಂದೇ ಬೋರ್ಡಿನಿಂದ ವಿದ್ಯುತ್ ಕೊಡಿ. ಕೇಬಲ್ ಟಿ.ವಿ.ಯ ತಂತಿ ಜೋಡಿಸಿದ್ದರೆ ಅದನ್ನು ತೆಗೆದು ಪರೀಕ್ಷಿಸಿ. ಅರ್ಥ್ ಎರಡು ಕಡೆ ಆದಾಗ ಈ ಶಬ್ದ ಹುಟ್ಟುತ್ತದೆ. ಕೆಲವು ಮೆಕ್ಯಾನಿಕರು ಪ್ಲಗ್ಗಿನ ಅರ್ಥ್ ಪಿನ್ನನ್ನು ಕತ್ತರಿಸಿ ಶಬ್ದ ನಿಲ್ಲಿಸುತ್ತಾರೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ, ಜೀವಕ್ಕೆ ಅಪಾಯ.

ಕೊನೆಯ ಹಂತದ ಹೊಂದಾಣಿಕೆಗೆ ಒಂದು ನೋಟ್‌ಬುಕ್ ಇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೇ ತಟ್ಟೆ, ಅದೇ ಮಟ್ಟ, ದಿನಾಂಕ ಸಹಿತ ನಮೂದು. ಅಳೆಯುವ ಮೈಕ್ ಒಂದನ್ನು ಕೊಂಡರೆ ಕಂಪ್ಯೂಟರಿನಲ್ಲಿ ರೂಮ್ ಈಕ್ಯೂ ವಿಜರ್ಡ್ ಎಂಬ ತಂತ್ರಾಂಶದಿಂದ ಕೋಣೆಯ ಏರುತಗ್ಗುಗಳನ್ನು ಕಣ್ಣಿನಿಂದಲೇ ನೋಡಬಹುದು. ಏರನ್ನು ಈಕ್ವಲೈಜರಿನಿಂದ ತಗ್ಗಿಸಲು ಬರುತ್ತದೆ. ಅಲೆಗಳು ಒಂದನ್ನೊಂದು ಅಳಿಸಿದ ತಗ್ಗನ್ನು ತುಂಬಿಸಲು ಬರುವುದಿಲ್ಲ. ಎಷ್ಟು ಸುರಿದರೂ ಅಷ್ಟೂ ಅಳಿಸಿಹೋಗುತ್ತದೆ. ಅದಕ್ಕೆ ಸ್ಪೀಕರನ್ನೋ ಕುರ್ಚಿಯನ್ನೋ ಸರಿಸುವುದೊಂದೇ ದಾರಿ.

ಬಿಲ್ಲು ಯಾರ ಹೆಸರಿಗೆ?

ಇನ್ನು ನನ್ನ ವೃತ್ತಿಗೆ ಸಂಬಂಧಿಸಿದ ಮಾತು. ಕೆಲ ವರ್ಷಗಳ ಹಿಂದೆ ಕಕ್ಷಿದಾರರೊಬ್ಬರು ಮನೆಗೆ ತಂದ 8 ಲಕ್ಷ ರೂ.ಗಳ ವ್ಯವಸ್ಥೆಯನ್ನು ಸಂಸ್ಥೆಯ ಹೆಸರಿನಲ್ಲಿ ಬಿಲ್ಲು ಮಾಡಿಸಿ, ಕಚೇರಿ ಉಪಕರಣವೆಂದು ತೋರಿಸಿ, ಶೇ. 18ರ ಜಿ.ಎಸ್.ಟಿ.ಯಾದ 1.44 ಲಕ್ಷ ರೂ.ಗಳನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆದರು. ನನಗೆ ತಿಳಿದದ್ದು ವರ್ಷಾಂತ್ಯದ ಪರಿಶೀಲನೆಯಲ್ಲಿ. ಸ್ವಂತ ಉಪಭೋಗದ ಸರಕಿಗೆ ಈ ಜಮೆಯನ್ನು ಕೇಂದ್ರ ಜಿ.ಎಸ್.ಟಿ. ಕಾಯಿದೆಯ 17(5)ನೆಯ ಕಲಮು ಸ್ಪಷ್ಟವಾಗಿ ನಿರಾಕರಿಸುತ್ತದೆ. ತಪ್ಪಾಗಿ ಪಡೆದು ಬಳಸಿದ ಜಮೆಯನ್ನು ವಾರ್ಷಿಕ ಶೇ. 18ರ ಬಡ್ಡಿಯೊಂದಿಗೆ ಮರಳಿಸಬೇಕಾಯಿತು. ಆದಾಯ ತೆರಿಗೆಯಲ್ಲಿಯೂ ಅದರ ಸವಕಳಿಯನ್ನು ಬಿಡಬೇಕಾಯಿತು. ಷೋರೂಮಿನಲ್ಲೋ ಹೋಟೆಲಿನಲ್ಲೋ ನಿಜವಾಗಿ ವ್ಯವಹಾರಕ್ಕೆ ಬಳಸುವ ಉಪಕರಣದ ವಿಷಯ ಬೇರೆ. ಅದು ಅಲ್ಲಿಯೇ ಇರಬೇಕು, ಪರಿಶೀಲನೆಗೆ ಬಂದ ಅಧಿಕಾರಿಗೆ ಅಲ್ಲಿಯೇ ಕಾಣಬೇಕು.

ಮನೆಗೆ ಕೊಳ್ಳುವವರು ಸ್ವಂತ ಖಾತೆಯಿಂದ, ಸ್ವಂತ ಹೆಸರಿಗೆ ಕೊಳ್ಳಲಿ. ಒಂದು ವ್ಯವಹಾರದಲ್ಲಿ 2 ಲಕ್ಷ ರೂ. ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಸ್ವೀಕರಿಸುವುದಕ್ಕೆ 2017ರಿಂದ ನಿಷೇಧವಿದ್ದು, ದಂಡ ಸ್ವೀಕರಿಸಿದವರಿಗೆ ಬೀಳುತ್ತದೆ. ಈ ಸರಕಿನ ವ್ಯಾಪಾರದಲ್ಲಿರುವ ನಮ್ಮ ಸದಸ್ಯರು ಇದನ್ನು ಮರೆಯಬಾರದು. 2025ರ ಏಪ್ರಿಲ್ 22ರಿಂದ 10 ಲಕ್ಷ ರೂ. ಮೀರಿದ ಹೋಮ್ ಥಿಯೇಟರ್ ವ್ಯವಸ್ಥೆಯ ಮಾರಾಟದ ಮೇಲೆ ಶೇ. 1ರಷ್ಟು ಟಿ.ಸಿ.ಎಸ್. ಸಂಗ್ರಹವೂ ಬಂದಿದೆ. ಕೊಂಡವರು ಅದನ್ನು ತಮ್ಮ ರಿಟರ್ನಿನಲ್ಲಿ ತೆರಿಗೆಗೆ ಹೊಂದಿಸಿಕೊಳ್ಳಬಹುದು.

ಬಿಲ್ಲಿಲ್ಲದೆ ಕಡಿಮೆ ಬೆಲೆಗೆ ದೊರೆಯುವ ಆಮದು ಉಪಕರಣಕ್ಕೆ ತಯಾರಕರ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ. ಬಿಲ್ಲಿನಲ್ಲಿ ಪ್ರತಿ ಉಪಕರಣದ ಕ್ರಮಸಂಖ್ಯೆಯನ್ನು ಬರೆಸಿಕೊಂಡು, ಮನೆಯ ವಿಮೆ ಇದ್ದಲ್ಲಿ ಅದರ ಪಟ್ಟಿಗೆ ಈ ಉಪಕರಣಗಳನ್ನೂ, ಅವುಗಳ ಜೊತೆಗೆ ತಟ್ಟೆಗಳನ್ನೂ ಎಣಿಸಿ ಸೇರಿಸುವುದು ಒಳ್ಳೆಯದು. ನಮ್ಮ ಮನೆಯ ಪಾಲಿಸಿಯಲ್ಲಿ ಈಗ 138 ತಟ್ಟೆಗಳಿವೆ.